ಗಣಕಯಂತ್ರಕ್ಕಿಂತ ಮೊದಲು ಗುರಿ

ಮುಂಬಯಿ ಕನ್ನಡಿಗರಿಗೂ ಬ್ಯಾಂಕುಗಳಿಗೂ ಇರುವ ನಂಟು ಹಳೆಯದು. ಮಾಹಿತಿ ತಂತ್ರಜ್ಞಾನವು ಸಂಸ್ಥೆಯ ಗುರಿಗೆ ಹೊಂದಿಕೊಂಡು, ಸಿಬ್ಬಂದಿಯ ವಿಶ್ವಾಸವನ್ನೂ ಗಳಿಸುವ ಬಗೆಯನ್ನು ತಿಳಿಯಲು ಬ್ಯಾಂಕುಗಳ ಗಣಕೀಕರಣದ ಕಥೆ ನಮಗೆ ಹತ್ತಿರದ ನಿದರ್ಶನವಾಗಿದೆ.

ಯಂತ್ರ ಬಂದರೆ ಉದ್ಯೋಗ ಹೋದೀತೆಂಬ ಭಯದಿಂದ ನೌಕರ ಸಂಘಟನೆಗಳು ಮೊದಲು ಗಣಕಯಂತ್ರವನ್ನು ವಿರೋಧಿಸಿದ್ದವು. 1983ರಲ್ಲಿ ಅವುಗಳಿಗೂ ಭಾರತೀಯ ಬ್ಯಾಂಕುಗಳ ಸಂಘಕ್ಕೂ ನಡುವೆ ಒಪ್ಪಂದವೇರ್ಪಟ್ಟು, ಮಿತವಾದ ಯಾಂತ್ರೀಕರಣಕ್ಕೆ ಸಮ್ಮತಿ ದೊರೆಯಿತು. 1984ರಲ್ಲಿ ಡಾ. ಸಿ. ರಂಗರಾಜನ್ ಸಮಿತಿಯು ಶಾಖೆಗಳ ಯಾಂತ್ರೀಕರಣಕ್ಕೆ ಮಾರ್ಗಸೂಚಿ ನೀಡಿತು. 1993ರ ಒಪ್ಪಂದದಿಂದ ಗಣಕೀಕರಣ ಇನ್ನಷ್ಟು ವಿಸ್ತರಿಸಿತು.

ಆದರೆ ಆರಂಭದ ಯಂತ್ರಗಳು ಲೆಡ್ಜರಿನ ಕೆಲಸವನ್ನೇ ವೇಗವಾಗಿ ಮಾಡಿದವು, ಅಷ್ಟೆ. ಗ್ರಾಹಕನು ಮಾತ್ರ ತನ್ನ ಶಾಖೆಗೇ ಕಟ್ಟುಬಿದ್ದಿದ್ದನು. 2000ದ ದಶಕದಲ್ಲಿ ಕೋರ್ ಬ್ಯಾಂಕಿಂಗ್ ವ್ಯವಸ್ಥೆ ಹರಡಿ, ಎಲ್ಲ ಶಾಖೆಗಳ ಖಾತೆಗಳೂ ಒಂದೇ ಕೇಂದ್ರಕ್ಕೆ ಸೇರಿದಾಗ ಶಾಖೆಯ ಗ್ರಾಹಕನು ಬ್ಯಾಂಕಿನ ಗ್ರಾಹಕನಾದನು. ಮುಂಬಯಿಯಲ್ಲಿ ಕಟ್ಟಿದ ಹಣವನ್ನು ಊರಿನ ತಾಯಿ ಅಂದೇ ಪಡೆಯುವಂತಾಯಿತು. ಇದೇ ನಿಜವಾದ ಗುರಿ; ಯಂತ್ರ ಅದರ ಸಾಧನ ಮಾತ್ರ.

ಈ ಬದಲಾವಣೆಯ ಕಾಲದಲ್ಲಿ ಶಾಖೆಯಲ್ಲಿದ್ದ ನಾವು ಒಂದು ಸಂಗತಿಯನ್ನು ಕಂಡುಕೊಂಡೆವು. ಕೀಲಿಮಣೆಯನ್ನು ಮುಟ್ಟಲು ಹಿಂಜರಿಯುತ್ತಿದ್ದ ಹಿರಿಯ ಗುಮಾಸ್ತರನ್ನು ನಾವು ಹಳಬರೆಂದು ಬದಿಗಿರಿಸಿದ್ದೆವು. ಹಳೆಯ ಖಾತೆಗಳನ್ನು ಗಣಕಕ್ಕೆ ಸೇರಿಸುವಾಗ ಬಾಕಿ ತಾಳೆಯಾಗಲಿಲ್ಲ. ಒಂದೇ ಹೆಸರಿನ ಖಾತೆದಾರರು ಬೆರೆತುಹೋದರು. ಯಾವ ಸಹಿ ಯಾರದು, ಯಾವ ಖಾತೆ ಯಾವ ಮನೆಯದು ಎಂಬುದನ್ನು ಬಲ್ಲವರು ಆ ಹಿರಿಯರೇ! ನೆರವು ಕೋರಿದಾಗ ಅವರು ಸಂತೋಷದಿಂದಲೇ ಬಂದರು. ಪರದೆಯ ಮುಂದೆ ಕುಳಿತು ತಪ್ಪುಗಳನ್ನು ತಿದ್ದಿಸುತ್ತ ಯಂತ್ರವನ್ನೂ ಕಲಿತರು. ಅವರ ಪ್ರತಿರೋಧ ಯಂತ್ರದ ಮೇಲಲ್ಲ, ತಮ್ಮ ಅನುಭವಕ್ಕೆ ಬೆಲೆ ಇಲ್ಲದಾಗುವುದರ ಮೇಲಿತ್ತೆಂದು ನಮಗೆ ಆಗ ಅರಿವಾಯಿತು.

ಆದುದರಿಂದ ಸಂಸ್ಥೆ ಯಾವುದೇ ಇರಲಿ, ತಂತ್ರಾಂಶ ಕೊಳ್ಳುವ ಮುನ್ನ ಅದರಿಂದ ಯಾರಿಗೆ ಯಾವ ಅನುಕೂಲವೆಂಬುದನ್ನು ನಿರ್ಧರಿಸಬೇಕು. ನೌಕರಿಯ ಕುರಿತ ಆತಂಕಕ್ಕೆ ಸ್ಪಷ್ಟ ಉತ್ತರ ನೀಡಬೇಕು. ತರಬೇತಿಗೆ ಕೆಲಸದ ವೇಳೆಯಲ್ಲೇ ಸಮಯ ಒದಗಿಸಬೇಕು. ವಿರೋಧಿಸುವವರನ್ನು ಮೊದಲು ಆಲಿಸಬೇಕು. ಕೆಲಸದ ಒಳಗುಟ್ಟು ಬಹುಮಟ್ಟಿಗೆ ಅವರಲ್ಲೇ ಇರುತ್ತದೆ.

ನಮ್ಮ ಸಂಘಗಳ ಸದಸ್ಯರ ಪಟ್ಟಿ, ಲೆಕ್ಕಪತ್ರಗಳು ಗಣಕಕ್ಕೇರುವಾಗಲೂ ಹಿರಿಯ ಕಾರ್ಯಕರ್ತರನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಳ್ಳುವುದನ್ನು ನಾವು ಮರೆಯದಿರೋಣ.