ಮನೆಯಲ್ಲೇ ನಾಯಿಯ ಕ್ಷೌರ

ಏಪ್ರಿಲ್ ಬಿಸಿಲು ಏರುತ್ತಿದ್ದಂತೆ ನಾಯಿ ಸಾಕಿದ ಮನೆಗಳಲ್ಲಿ ಅದರ ಮೈ ಬೋಳಿಸುವ ಮಾತು ಏಳುತ್ತದೆ. 'ಪಾಪ, ಇಷ್ಟು ಕೂದಲು ಹೊತ್ತು ಸೆಕೆಯನ್ನು ಹೇಗೆ ತಡೆಯುತ್ತೆ?' ಈ ಕನಿಕರ ನಿಜವಾದದ್ದೇ. ಆದರೆ ಮಷೀನ್ ಕೈಗೆತ್ತಿಕೊಳ್ಳುವ ಮೊದಲು ನಿಮ್ಮ ನಾಯಿಯದು ಎಂಥ ಕೂದಲು ಎಂದು ತಿಳಿಯಲೇಬೇಕು.

ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಜರ್ಮನ್ ಶೆಫರ್ಡ್, ಪಾಮೇರಿಯನ್ ನಾಯಿಗಳದು ಎರಡು ಪದರದ ಕೂದಲು. ಒಳಗೆ ಹತ್ತಿಯಂಥ ಮೆತ್ತನೆ ತುಪ್ಪಳ, ಮೇಲೆ ಒರಟಾದ ಉದ್ದ ಕೂದಲು. ಮೇಲಿನದು ಬಿಸಿಲನ್ನೂ ಮಳೆಯನ್ನೂ ತಡೆಯುತ್ತದೆ. ನಾಯಿ ನಮ್ಮ ಹಾಗೆ ಮೈತುಂಬ ಬೆವರುವುದಿಲ್ಲ. ಪಾದದ ಮೆತ್ತೆಯಲ್ಲಿ ತುಸು ಬೆವರು, ಉಳಿದಂತೆ ಸೆಕೆಯನ್ನು ಮುಖ್ಯವಾಗಿ ನಾಲಿಗೆ ಚಾಚಿ ಏದುಸಿರು ಬಿಟ್ಟು ಹೊರಹಾಕಬೇಕು. ಆದ್ದರಿಂದ ಬೋಳಿಸಿದರೆ ಅದಕ್ಕೆ ನಾವೆಣಿಸಿದಷ್ಟು ತಂಪೂ ಸಿಗದು, ಬಿಸಿಲು ಮಾತ್ರ ನೇರ ಚರ್ಮಕ್ಕೆ ಬಡಿಯುತ್ತದೆ. ಕೆಲವು ನಾಯಿಗಳಿಗೆ ಕೂದಲು ತಿಂಗಳುಗಟ್ಟಲೆ ಮರಳಿ ಬರುವುದಿಲ್ಲ, ಬಂದರೂ ತೇಪೆ ತೇಪೆಯಾಗಿ ಬರುತ್ತದೆ. ಇಂಥವುಗಳಿಗೆ ಬೇಕಾದದ್ದು ಬಾಚಣಿಗೆ. ಉದುರಲು ಸಿದ್ಧವಾದ ಒಳತುಪ್ಪಳವನ್ನು ಬಾಚಿ ತೆಗೆದರೆ ಗಾಳಿ ಆಡುತ್ತದೆ. ಸೆಕೆಗೆ ಅದೇ ಮದ್ದು.

ಕತ್ತರಿಸಲೇಬೇಕಾದವು ಬೇರೆ: ಶಿಟ್ಸು, ಲಾಸಾ ಆಪ್ಸೊ, ಮಾಲ್ಟೀಸ್, ಪೂಡಲ್. ಇವುಗಳ ಕೂದಲು ನಮ್ಮ ತಲೆಗೂದಲಿನಂತೆ ಬೆಳೆಯುತ್ತಲೇ ಇರುತ್ತದೆ. ಆರೆಂಟು ವಾರಕ್ಕೊಮ್ಮೆ ಕ್ಷೌರ ಆಗದಿದ್ದರೆ ಕಣ್ಣು ಮುಚ್ಚಿಹೋಗುತ್ತದೆ, ಮೈ ಗಂಟುಗಟ್ಟುತ್ತದೆ. ಮುಧೋಳ ನಾಯಿಗಾದರೋ ಈ ಯಾವ ತಾಪತ್ರಯವೂ ಇಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದರೂ ಮೈ ಮಿರುಗುತ್ತದೆ.

ಹೆಚ್ಚಿನವರು ತಪ್ಪುವುದು ಕೆಲಸದ ಅನುಕ್ರಮದಲ್ಲಿ. ಮೊದಲು ಸ್ನಾನ, ಆಮೇಲೆ ಬಾಚುವುದು ಎಂದುಕೊಳ್ಳುತ್ತಾರೆ. ನೀರು ಬಿದ್ದ ಸಿಕ್ಕು ಒಣಗುತ್ತ ಇನ್ನಷ್ಟು ಬಿಗಿಯಾಗುತ್ತದೆ. ಒಣಗಿರುವಾಗಲೇ ಬಾಚಿ. ಕಿವಿಯ ಹಿಂದೆ, ಕಂಕುಳು, ತೊಡೆಸಂದು, ಬೆರಳ ನಡುವೆ ಗಂಟುಗಳು ಅಡಗಿರುತ್ತವೆ. ಗಂಟಿನ ಬುಡವನ್ನು ಒಂದು ಕೈಯಲ್ಲಿ ಹಿಡಿದು, ಚರ್ಮ ಎಳೆಯದ ಹಾಗೆ ತುದಿಯಿಂದ ಸ್ವಲ್ಪ ಸ್ವಲ್ಪವೇ ಬಿಡಿಸಬೇಕು. ಕತ್ತರಿಯಿಂದ ಗಂಟನ್ನು ಕತ್ತರಿಸಬೇಡಿ: ಚರ್ಮ ಅದರೊಳಗೆ ಎದ್ದು ಬಂದಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಹೀಗೆ ಆದ ಗಾಯಗಳು ಹೊಲಿಗೆಯವರೆಗೂ ಹೋಗುತ್ತವೆ.

ಬಳಿಕ ನಾಯಿಗೆಂದೇ ಇರುವ ಶಾಂಪೂವಿನ ಸ್ನಾನ. ನಮ್ಮದು ಒಗ್ಗದು, ನಾಯಿಯ ಹೊರಚರ್ಮ ನಮ್ಮದಕ್ಕಿಂತ ತೆಳು. ಮೈ ಪೂರ್ತಿ ಒಣಗಿದ ಮೇಲೆಯೇ ಮಷೀನ್. ಬ್ಲೇಡಿನ ಸಂಖ್ಯೆ ದೊಡ್ಡದಾದಷ್ಟೂ ಕೂದಲು ಗಿಡ್ಡ: 10ನೇ ನಂಬರು ಸುಮಾರು 1.5 ಮಿಲಿಮೀಟರ್ ಉಳಿಸುತ್ತದೆ, ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗೆ ಬಳಸುವ 40 ಹೆಚ್ಚುಕಡಿಮೆ ಬೋಳೇ ಮಾಡುತ್ತದೆ. ಕೂದಲು ಮಲಗಿದ ದಿಕ್ಕಿನಲ್ಲೇ, ಬ್ಲೇಡನ್ನು ಚರ್ಮಕ್ಕೆ ಸಮನಾಗಿ ಇಟ್ಟು ಒತ್ತದೆ ಸಾಗಿಸಿ. ಬ್ಲೇಡು ಓಡುತ್ತ ಓಡುತ್ತ ಕಾಯುತ್ತದೆ. ಆಗಾಗ ನಿಮ್ಮ ಮಣಿಕಟ್ಟಿನ ಒಳಭಾಗಕ್ಕೆ ಮುಟ್ಟಿಸಿ ನೋಡಿ. ನಿಮಗೆ ಬಿಸಿ ತಾಗಿದರೆ ನಿಲ್ಲಿಸಿ, ಆರಲಿ.

ಉಗುರು ಕತ್ತರಿಸುವಾಗಲೂ ಎಚ್ಚರ ಬೇಕು: ಅದರ ಒಳಗೆ ರಕ್ತನಾಳವೂ ನರವೂ ಇವೆ. ಬಿಳಿಯುಗುರಿನಲ್ಲಿ ಅದು ಗುಲಾಬಿ ಬಣ್ಣವಾಗಿ ಕಾಣುತ್ತದೆ. ಕರಿಯುಗುರಾದರೆ ತೆಳು ಬಿಲ್ಲೆಗಳಂತೆ ಕತ್ತರಿಸುತ್ತ ಹೋಗಿ; ಕತ್ತರಿಸಿದ ಜಾಗದ ನಡುವೆ ಗಾಢ ಚುಕ್ಕೆ ಕಂಡರೆ ಸಾಕು ಮಾಡಿ. ತಪ್ಪಿ ರಕ್ತ ಬಂದರೆ ಕಾರ್ನ್‌ಫ್ಲೋರನ್ನು ಒತ್ತಿ ಹಿಡಿದರೆ ಸಾಮಾನ್ಯವಾಗಿ ನಿಲ್ಲುತ್ತದೆ.

ಬಾಚುವಾಗ ಉಣ್ಣೆಹುಳು ಸಿಕ್ಕರೆ ಚಿಮಟದಿಂದ ಬುಡ ಹಿಡಿದು ನೇರ ಎಳೆಯಿರಿ. ಸೀಮೆಎಣ್ಣೆ ಸವರುವ ಹಳೆಯ ರೂಢಿ ಬಿಡಲೇಬೇಕು, ಅದು ಚರ್ಮವನ್ನು ಸುಡುತ್ತದೆ, ನೆಕ್ಕಿದರೆ ವಿಷ. ಎರ್ಲಿಕಿಯಾ, ಬಬೇಸಿಯಾದಂಥ ಜೀವಕ್ಕೇ ಕುತ್ತಾಗುವ ಕಾಯಿಲೆಗಳನ್ನು ಉಣ್ಣೆಗಳು ಹರಡುತ್ತವೆ. ಹಾಗಾಗಿ ನಾಯಿ ಮಂಕಾಗಿ ಊಟ ಬಿಟ್ಟರೆ ತಡಮಾಡದೆ ಪಶುವೈದ್ಯರಲ್ಲಿ ತೋರಿಸಿ.

ಮೊದಲ ಸಲ ಮಾಡುವವರು ನಾಲ್ಕು ದಿನ ಮುಂಚೆಯೇ ಮಷೀನನ್ನು ಬರಿದೆ ಓಡಿಸಿ ನಾಯಿಗೆ ಸದ್ದು ರೂಢಿ ಮಾಡಿಸಿ, ಜೊತೆಗೊಂದು ತಿಂಡಿ ಕೊಡಿ. ನಡುಗಿದರೆ ಒತ್ತಿ ಹಿಡಿಯಬೇಡಿ. ಒಂದೇ ದಿನಕ್ಕೆ ಮುಗಿಸುವ ಹಟ ಬೇಡ: ಇವತ್ತು ಬೆನ್ನು, ನಾಳೆ ಕಾಲು, ನಾಡಿದ್ದು ಉಗುರು.