ಹತ್ತನೇ ತರಗತಿಯಲ್ಲಿ ಒಬ್ಬ ನೌಕಾಧಿಪತಿಯ ಭಾವಚಿತ್ರ

ಎರಡನೇ ಆಂಗ್ಲೋ-ಮೈಸೂರು ಯುದ್ಧದ ಪಾಠಕ್ಕೆ ನಾವು ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಒಯ್ಯುವ ಬೋಧನೋಪಕರಣ ಭೂಪಟ. ವಿಜಯನಗರದ ಪ್ರೌಢಶಾಲೆಯೊಂದರ ಪಾಠಾಭ್ಯಾಸದಲ್ಲಿ ನಾನು ಅದರ ಜೊತೆಗೆ ಒಂದು ಭಾವಚಿತ್ರವನ್ನೂ ಬಳಸಿದೆ. ಅದು ಹಾಯಿಹಡಗುಗಳ ಕಾಲದ ಬ್ರಿಟಿಷ್ ನೌಕಾಧಿಪತಿ ಸರ್ ಎಡ್ವರ್ಡ್ ಹ್ಯೂಸ್‌ನದು. ಬರೆದವನು ಜೋಷುವಾ ರೆನಾಲ್ಡ್ಸ್. ಮೂಲಚಿತ್ರ ಲಂಡನ್ನಿನ ಗ್ರೀನಿಚ್‌ ವಸ್ತುಸಂಗ್ರಹಾಲಯದಲ್ಲಿದೆ.

ಮೈಸೂರಿಗೂ ಇವನಿಗೂ ನಂಟಿದೆ. 1780ರ ಡಿಸೆಂಬರಿನಲ್ಲಿ ಹ್ಯೂಸ್‌ನ ಪಡೆ ಮಂಗಳೂರಿನ ಬಳಿ ಹೈದರಾಲಿಯ ಹಡಗುಗಳನ್ನು ನಾಶಮಾಡಿತು. ಮುಂದೆ ಸಮುದ್ರದ ಮೇಲೆ ಹೈದರನು ಫ್ರೆಂಚರನ್ನು ನೆಚ್ಚಬೇಕಾಯಿತು. 1782ರ ಜುಲೈನಲ್ಲಿ ಕಡಲೂರಿನ ಬಳಿ ಅವನು ಫ್ರೆಂಚ್ ನೌಕಾಧಿಪತಿ ಸಫ್ರೆನ್‌ನನ್ನು ಕಂಡದ್ದು ಈ ಹಿನ್ನೆಲೆಯಲ್ಲೇ. 1782–83ರಲ್ಲಿ ಸಫ್ರೆನ್ ಮತ್ತು ಹ್ಯೂಸ್ ಐದು ಬಾರಿ ಕಾದಾಡಿದರೂ ಯಾರಿಗೂ ನಿರ್ಣಾಯಕ ಗೆಲುವು ಸಿಗಲಿಲ್ಲ.

ಇಷ್ಟನ್ನೂ ಮೊದಲೇ ಹೇಳಿಬಿಟ್ಟರೆ ಮಕ್ಕಳು ಚಿತ್ರ ನೋಡುವುದಿಲ್ಲ, ಟಿಪ್ಪಣಿ ಬರೆದುಕೊಳ್ಳುತ್ತಾರೆ. ಹಾಗಾಗಿ ಹೆಸರು ಹೇಳದೆ ಎರಡು ನಿಮಿಷ ಸುಮ್ಮನೆ ನೋಡಲು ಬಿಟ್ಟೆ. “ಎಷ್ಟು ದಪ್ಪ ಇದಾನೆ ಮಿಸ್!” ಎಂದು ನಗು ಎದ್ದಿತು. ಅದನ್ನು ತಡೆಯಬೇಕಿಲ್ಲ, ಗಮನಿಸುವುದು ಶುರುವಾಗುವುದೇ ಅಲ್ಲಿ. ಆಮೇಲೆ ನೀಲಿ ಕೋಟು, ಬಿರುದಿನ ಕೆಂಪು ಪಟ್ಟಿ ಒಂದೊಂದಾಗಿ ಕಣ್ಣಿಗೆ ಬಿದ್ದವು. (ಕಪ್ಪು-ಬಿಳುಪು ಜೆರಾಕ್ಸ್ ಒಯ್ಯಬೇಡಿ, ಆ ಪಟ್ಟಿ ಕಾಣುವುದೇ ಇಲ್ಲ.) ಕೊನೆಗೆ ಮಂಗಳೂರಿನ ಸಂಗತಿ ಹೇಳಿ, “ಚಿತ್ರದಲ್ಲಿ ಅದು ಎಲ್ಲಿದೆ?” ಎಂದು ಕೇಳಿದೆ. ಸುಟ್ಟ ಹಡಗೂ ಇಲ್ಲ, ಸತ್ತವರೂ ಇಲ್ಲ. ಯುದ್ಧ ಮುಗಿದ ಮೇಲೆ, ಗೌರವಕ್ಕಾಗಿ ಬರೆಸಿದ ಚಿತ್ರ ಅದು.

ಇಲ್ಲಿಗೇ ನಿಲ್ಲಿಸಿದರೆ ಪಾಠ ಅರ್ಧವಾಗುತ್ತದೆ, ‘ಅವರು ಮುಚ್ಚಿಟ್ಟರು’ ಎಂಬಷ್ಟೇ ಉಳಿಯುತ್ತದೆ. ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಗೋಡೆಚಿತ್ರ ನಮ್ಮ ಮಕ್ಕಳಿಗೆ ಪರಿಚಿತ. 1780ರ ಸೆಪ್ಟೆಂಬರಿನಲ್ಲಿ, ಅಂದರೆ ಮಂಗಳೂರಿನ ಘಟನೆಗೆ ಮೂರು ತಿಂಗಳ ಮುಂಚೆ, ಪೊಳ್ಳಿಲೂರಿನಲ್ಲಿ ಮೈಸೂರು ಪಡೆ ಗೆದ್ದ ಯುದ್ಧ ಅದರಲ್ಲಿದೆ. ಸೋತ ಕರ್ನಲ್ ಬೇಲಿ ಪಲ್ಲಕ್ಕಿಯಲ್ಲಿ ಕುಳಿತಿದ್ದಾನೆ. ಎರಡೂ ಚಿತ್ರಗಳನ್ನು ಅಕ್ಕಪಕ್ಕ ಅಂಟಿಸಿದೆ. ಸ್ವಲ್ಪ ಹೊತ್ತಿನ ಮೇಲೆ ಹಿಂದಿನ ಬೆಂಚಿನ ಹುಡುಗಿ, “ನಮ್ಮ ಚಿತ್ರದಲ್ಲೂ ಮಂಗಳೂರಿಲ್ಲ ಮಿಸ್” ಎಂದಳು. ಒಬ್ಬ ಹುಡುಗ ಸಿಟ್ಟಿನಿಂದ, “ಸೋತಿದ್ದನ್ನ ಯಾರು ಬರೆಸ್ತಾರೆ?” ಎಂದ.

ಪಾಠಯೋಜನೆಯ ಮೌಲ್ಯಮಾಪನದ ಅಂಕಣದಲ್ಲಿ ನಾನು ಬರೆದಿದ್ದ ಇಸವಿಯ ಪ್ರಶ್ನೆಗಳನ್ನು ಹೊಡೆದುಹಾಕಿ, ಆ ಹುಡುಗನ ಪ್ರಶ್ನೆಯನ್ನೇ ಮನೆಗೆಲಸವಾಗಿ ಕೊಟ್ಟೆ.