ಪರದೇಶದಲ್ಲಿ ಕಂಡ ಮಲೆನಾಡು

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ಬಲ್ಲ ಶಿವಮೊಗ್ಗೆಯವರಿಗೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರವನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಅದೂ ಲೋಹದ ಕೆಲಸದಿಂದಲೇ ಬೆಳೆದ ಊರು. ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ 1932ರಲ್ಲಿ ಜನಿಸಿದ ಯು. ಆರ್. ಅನಂತಮೂರ್ತಿಯವರು 1963ರಲ್ಲಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನ ಪಡೆದು ಅಲ್ಲಿಗೆ ತೆರಳಿದರು. ಆಗಲೇ ಅವರು ಸಂಸಾರಸ್ಥರು. ಕಾಲೇಜಿನಲ್ಲಿ ಇಂಗ್ಲಿಷ್ ಬೋಧಿಸುತ್ತಿದ್ದ ಅಧ್ಯಾಪಕರು ಮತ್ತೆ ವಿದ್ಯಾರ್ಥಿಯಾದರು.

ಇಂಗ್ಲಿಷನ್ನು ಪಾಠ ಹೇಳುವುದು ಬೇರೆ, ಹಗಲಿರುಳೂ ಅದರಲ್ಲೇ ಬದುಕುವುದು ಬೇರೆ. ಮನಸ್ಸು ತಾಯ್ನುಡಿಗಾಗಿ ಹಂಬಲಿಸತೊಡಗಿತು. ಅಂಥ ದಿನಗಳಲ್ಲೊಮ್ಮೆ ಗುರುಗಳಾದ ಮಾಲ್ಕಮ್ ಬ್ರಾಡ್‌ಬರಿಯವರೊಡನೆ ಬರ್ಗ್‌ಮನ್ನರ ‘ದಿ ಸೆವೆಂತ್ ಸೀಲ್’ ಎಂಬ ಸ್ವೀಡಿಷ್ ಚಿತ್ರವನ್ನು ನೋಡಿದರು. ತೆರೆಯ ಮೇಲೆ ಮಾತಿನ ಅನುವಾದವಿರಲಿಲ್ಲ. ಆದರೂ ಪ್ಲೇಗು ಬಡಿದ ಆ ಮಧ್ಯಯುಗ ಅವರಿಗೆ ಅಪರಿಚಿತವೆನಿಸಲಿಲ್ಲ. ಯೂರೋಪಿನವರು ಗ್ರಂಥಗಳಿಂದ ಅರಿಯಬೇಕಾದ ಕಾಲವು ಅವರ ಬಾಲ್ಯದ ಅಗ್ರಹಾರದಲ್ಲಿ ಇನ್ನೂ ಜೀವಂತವಾಗಿತ್ತಲ್ಲವೆ! ಅದನ್ನೇ ಬರೆಯುವಂತೆ ಗುರುಗಳು ಹುರಿದುಂಬಿಸಿದರು.

ಹೀಗೆ 1965ರಲ್ಲಿ, ತುಂಗೆಯಿಂದ ಸಾವಿರಾರು ಮೈಲಿ ದೂರದಲ್ಲಿ, ಮಲೆನಾಡಿನ ಅಗ್ರಹಾರವೊಂದರ ಕಥೆಯಾದ ‘ಸಂಸ್ಕಾರ’ ಕನ್ನಡದಲ್ಲಿ ರೂಪುಗೊಂಡಿತು. ಮರುವರ್ಷ ಡಾಕ್ಟರೇಟ್ ಪದವಿಯೂ ಕೈಸೇರಿತು. ಹೊಸ ಊರಿನಲ್ಲಿ ನೆಲೆಯೂರಲು ಹಳೆಯ ಊರನ್ನು ಮರೆಯಬೇಕಾಗಲಿಲ್ಲ. ಅದನ್ನು ದೂರದಿಂದ ನೋಡುವ ಕಣ್ಣನ್ನು ಆ ಹೊಸ ಊರೇ ಕೊಟ್ಟಿತು.